ಜೇಡ ಕಚ್ಚಿದರೆ ಮೊದಲು ಗಡಿಯಾರ ನೋಡಿ

ಜೇಡ ಕಚ್ಚಿತೆಂದು ಗೊತ್ತಾದ ಕೂಡಲೇ ಗಂಟೆ ಎಷ್ಟೆಂದು ನೋಡಿ ಬರೆದಿಡಿ. ಕಾಗದ ಸಿಗದಿದ್ದರೆ ಕೈಮೇಲೆಯೇ ಬರೆಯಿರಿ. ಮನುಷ್ಯನಿಗೆ ನಿಜವಾದ ಅಪಾಯ ತರುವ ಜೇಡಗಳು ನಾಲ್ಕೈದು ಗುಂಪಿನವು ಮಾತ್ರ, ಒಂದೊಂದರ ವಿಷಕ್ಕೂ ಅದರದೇ ಆದ ವೇಗವಿದೆ. ಒಂದರ ವಿಷ ನಿಮಿಷಗಳಲ್ಲಿ ಮೈಗೇರುತ್ತದೆ. ಇನ್ನೊಂದಕ್ಕೆ ಗಂಟೆ ಹೊತ್ತು ಬೇಕು. ಮತ್ತೊಂದು ಕಚ್ಚಿದ್ದೇ ತಿಳಿಯದ ಹಾಗೆ ಕಚ್ಚಿ, ಮಾರನೇ ದಿನ ಗಾಯವಾಗಿ ಕಾಣಿಸಿಕೊಳ್ಳುತ್ತದೆ. ಜೇಡ ಕೈಗೆ ಸಿಗದಿದ್ದರೂ, ಕಣ್ಣಿಗೇ ಬೀಳದಿದ್ದರೂ, ಯಾವ ಹೊತ್ತಿಗೆ ಏನು ಶುರುವಾಯಿತು ಎಂಬ ನಾಲ್ಕು ಸಾಲಿನ ಟಿಪ್ಪಣಿ ವೈದ್ಯರಿಗೆ ಅರ್ಧ ದಾರಿ ತೋರಿಸುತ್ತದೆ.

ಇದುವರೆಗೆ ಹೆಸರಿಟ್ಟಿರುವ ಜೇಡ ಪ್ರಭೇದಗಳು 50,000ಕ್ಕೂ ಹೆಚ್ಚು. ಹೆಚ್ಚುಕಡಿಮೆ ಎಲ್ಲಕ್ಕೂ ವಿಷಗ್ರಂಥಿ ಇದೆ. ಆದರೆ ಆ ವಿಷ ಇರುವುದು ಹುಳುಹುಪ್ಪಟೆಗಳನ್ನು ಕೆಡವಲಿಕ್ಕೆ. ಬಹುಪಾಲು ಜೇಡಗಳ ವಿಷಹಲ್ಲಿಗೆ ನಮ್ಮ ಚರ್ಮ ದಾಟುವಷ್ಟು ಬಲವಿಲ್ಲ. ದಾಟಿದರೂ ಸ್ವಲ್ಪ ಉರಿ, ಸ್ವಲ್ಪ ಕೆಂಪು, ಅಷ್ಟಕ್ಕೇ ಮುಗಿಯುತ್ತದೆ. ಜೇಡ ರಕ್ತ ಹೀರುವ ಪ್ರಾಣಿಯಲ್ಲ, ಮಲಗಿದವರನ್ನು ಹುಡುಕಿಕೊಂಡು ಬರುವುದಿಲ್ಲ. ಬೂಟಿನೊಳಗೆ ಕಾಲು ತೂರಿಸಿದಾಗ, ಬಹಳ ದಿನ ಮುಟ್ಟದ ಬಟ್ಟೆ ತೊಟ್ಟಾಗ, ಸೌದೆ ರಾಶಿಗೆ ಬರಿಗೈ ಹಾಕಿದಾಗ ಚರ್ಮಕ್ಕೂ ಬಟ್ಟೆಗೂ ನಡುವೆ ಸಿಕ್ಕಿಕೊಂಡು ಕಚ್ಚುತ್ತದೆ, ಅದೂ ಸಾಮಾನ್ಯವಾಗಿ ಒಂದೇ ಸಲ. ಬೆಳಿಗ್ಗೆ ಎದ್ದಾಗ ಮೈಮೇಲೆ ಐದಾರು ಕಡಿತ ಕಂಡರೆ, ಅಥವಾ ಮನೆಯ ಇಬ್ಬರು ಮೂವರಿಗೆ ಒಟ್ಟಿಗೇ ಕಂಡರೆ, ಜೇಡವನ್ನು ಹುಡುಕಬೇಡಿ. ಹಾಸಿಗೆಯ ಹೊಲಿಗೆಗಳಲ್ಲಿ ತಿಗಣೆ ಹುಡುಕಿ.

ಮೊದಲ ಹತ್ತು ನಿಮಿಷ

ನೀವಿರುವುದು ಆಸ್ಟ್ರೇಲಿಯಾದ ಪೂರ್ವ ಅಥವಾ ದಕ್ಷಿಣ ಭಾಗದಲ್ಲಾಗಿದ್ದು, ಕಚ್ಚಿದ್ದು ದೊಡ್ಡ, ಕಪ್ಪು, ಹೊಳೆಯುವ ಜೇಡವಾಗಿದ್ದರೆ ಇಲ್ಲಿ ನಿಲ್ಲದೆ ಮುಂದಿನ ಭಾಗಕ್ಕೆ ಹೋಗಿ. ಅಲ್ಲಿ ಹೇಳಿರುವ ಪಟ್ಟಿಯನ್ನು ತಕ್ಷಣ ಸುತ್ತಬೇಕು. ಉಳಿದ ಎಲ್ಲ ಕಡಿತಕ್ಕೂ ಕ್ರಮ ಒಂದೇ.

ಮೊದಲು ಜೇಡ ಇದ್ದ ಜಾಗದಿಂದ ದೂರ ಸರಿಯಿರಿ. ಕಚ್ಚಿದ್ದು ಕೈಗಾದರೆ ಉಂಗುರ, ಬಳೆ, ಗಡಿಯಾರ ಈಗಲೇ ತೆಗೆಯಿರಿ. ಬಾವು ಏರಿದ ಮೇಲೆ ಉಂಗುರ ಕತ್ತರಿಸಿ ತೆಗೆಯಬೇಕಾಗುತ್ತದೆ. ಕಚ್ಚಿದ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ನಿಮಿಷ ಇಟ್ಟು, 10 ನಿಮಿಷ ತೆಗೆದು, ಮತ್ತೆ ಇಡಿ. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಿ ಹಿಡಿದರೆ ಅದೇ ಒಂದು ಗಾಯ ಮಾಡುತ್ತದೆ. ಕೈಯೋ ಕಾಲೋ ಆದರೆ ದಿಂಬಿನ ಮೇಲೆ ಎತ್ತರಿಸಿ ಇಡಿ. ನೋವಿಗೆ ಪ್ಯಾರಸಿಟಮಾಲ್ ಸಾಕು.

ಆಮೇಲೆ ಪೆನ್ನು ತೆಗೆದುಕೊಂಡು ಕೆಂಪಾದ ಜಾಗದ ಅಂಚಿನ ಗುಂಟ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊತ್ತು ಬರೆಯಿರಿ. ಎರಡು ಗಂಟೆ ಬಿಟ್ಟು ನೋಡಿದಾಗ ಕೆಂಪು ಗೆರೆ ದಾಟಿದ್ದರೆ ಹೊಸ ಗೆರೆ, ಹೊಸ ಹೊತ್ತು. ಚಿಕ್ಕ ಕೆಲಸವೆಂದು ಬಿಡಬೇಡಿ. ಕೆಂಪು ಹರಡುತ್ತಿದೆಯೋ ಇಲ್ಲವೋ ಎಂದು ಗಾಬರಿಯಲ್ಲಿರುವ ಕಣ್ಣು ಸರಿಯಾಗಿ ಹೇಳಲಾರದು, ಪೆನ್ನಿನ ಗೆರೆ ಹೇಳುತ್ತದೆ.

ಮಾಡಬಾರದ ಕೆಲಸಗಳೂ ಇವೆ. ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ; ಒಳಗೆ ಇಳಿದ ವಿಷ ಹೊರಗೆ ಬರುವುದಿಲ್ಲ, ಸೋಂಕು ಮಾತ್ರ ಒಳಗೆ ಹೋಗುತ್ತದೆ. ಮೇಲ್ಗಡೆ ಹಗ್ಗ ಬಿಗಿದು ರಕ್ತ ನಿಲ್ಲಿಸಬೇಡಿ. ಬಿಸಿ ಶಾಖ ಕೊಡಬೇಡಿ. ರೆಕ್ಲೂಸ್ ಎಂಬ ಕಂದು ಜೇಡದ (ಇದರ ವಿಷಯ ಮುಂದೆ ಬರುತ್ತದೆ) ವಿಷದಲ್ಲಿರುವ ಕಿಣ್ವ ಬಿಸಿಯಲ್ಲಿ ಇನ್ನಷ್ಟು ಚುರುಕಾಗುತ್ತದೆ, ಕಚ್ಚಿದ್ದು ಯಾವುದೆಂದು ಆ ಹೊತ್ತಿಗೆ ನಿಮಗೆ ಗೊತ್ತಿರುವುದಿಲ್ಲ. ಕರೆಂಟ್ ಶಾಕ್ ಕೊಟ್ಟರೆ ವಿಷ ಇಳಿಯುತ್ತದೆ ಎಂಬ ಮಾತು ಹಿಂದೆ ಓಡಾಡಿತ್ತು. ಅದರಿಂದ ಸುಟ್ಟ ಗಾಯ ಬಿಟ್ಟು ಬೇರೇನೂ ಸಿಗದು.

ಈ ಮುಂದಿನವುಗಳಲ್ಲಿ ಒಂದು ಕಂಡರೂ ಕಾಯದೆ ಆಂಬುಲೆನ್ಸ್ ಕರೆಯಿರಿ: ಉಸಿರಾಟಕ್ಕೆ ಕಷ್ಟ, ಬಾಯಿಯ ಸುತ್ತ ಜುಮ್ಮೆನ್ನುವುದು, ನಾಲಿಗೆ ತಾನಾಗಿ ಅದುರುವುದು, ಜೊಲ್ಲು ಸುರಿಯುವುದು, ಮೈಯೆಲ್ಲ ಬೆವರುವುದು, ಹೊಟ್ಟೆ ಹಲಗೆಯಂತೆ ಬಿಗಿಯುವುದು, ನಿಲ್ಲದ ವಾಂತಿ, ಎದೆನೋವು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು. ಮಕ್ಕಳು, ಗರ್ಭಿಣಿಯರು, ಮುದುಕರು, ಹೃದ್ರೋಗ ಇರುವವರಾದರೆ ಲಕ್ಷಣಕ್ಕೆ ಕಾಯುವುದೇ ಬೇಡ. ಮಗುವಿನ ಮೈ ಚಿಕ್ಕದು. ಅದೇ ಒಂದು ಹನಿ ವಿಷ ಅಲ್ಲಿ ಹಲವು ಪಟ್ಟು ಗಾಢವಾಗುತ್ತದೆ.

ನಿಮಿಷಗಳಲ್ಲಿ ಏರುವ ವಿಷ: ಫನಲ್-ವೆಬ್

ಸಿಡ್ನಿ ಫನಲ್-ವೆಬ್ ಜೇಡ, ಅಟ್ರಾಕ್ಸ್ ರೋಬಸ್ಟಸ್, ಮತ್ತು ಅದರ ನೆಂಟ ಹ್ಯಾಡ್ರೊನೈಕಿ ಜೇಡಗಳು ಆಸ್ಟ್ರೇಲಿಯಾದ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ಮಾತ್ರ ಇವೆ. ಹೊಳೆಯುವ ಕಪ್ಪು ಬಣ್ಣ, ದಪ್ಪ ಕಾಲು, ಕೆಳಮುಖವಾಗಿ ಚಾಚಿದ ಬಲವಾದ ವಿಷಹಲ್ಲು. ಕೆಣಕಿದರೆ ಓಡುವ ಬದಲು ಮುಂಗಾಲೆತ್ತಿ ನಿಲ್ಲುತ್ತದೆ, ಒಮ್ಮೊಮ್ಮೆ ಹಲ್ಲಿನ ತುದಿಯಲ್ಲಿ ವಿಷದ ಹನಿ ತೂಗಾಡುವುದೂ ಕಾಣುತ್ತದೆ. ಹೆಚ್ಚಿನ ಜೇಡಗಳಲ್ಲಿ ಹೆಣ್ಣೇ ಅಪಾಯಕಾರಿ. ಸಿಡ್ನಿ ಫನಲ್-ವೆಬ್‌ನಲ್ಲಿ ಗಂಡಿನ ವಿಷವೇ ಬಹಳ ಜೋರು. ಬೇಸಿಗೆ ಮತ್ತು ಅದರ ನಂತರದ ತಿಂಗಳುಗಳಲ್ಲಿ ಗಂಡು ಜೇಡ ಹೆಣ್ಣನ್ನು ಹುಡುಕುತ್ತ ಬಿಲ ಬಿಟ್ಟು ರಾತ್ರಿ ಅಲೆಯುತ್ತದೆ, ಬೆಳಗಾಗುವಾಗ ತಂಪಾದ ಜಾಗ ಹುಡುಕಿ ಮನೆಯೊಳಗೆ, ಬೂಟಿನೊಳಗೆ ಸೇರುತ್ತದೆ. ಈಜುಕೊಳಕ್ಕೆ ಬಿದ್ದದ್ದು ಸತ್ತಂತೆ ಕಂಡರೂ ಮುಟ್ಟಬೇಡಿ. ಮೈರೋಮಗಳಲ್ಲಿ ಗಾಳಿಯ ಗುಳ್ಳೆ ಹಿಡಿದಿಟ್ಟುಕೊಂಡು ನೀರಿನಡಿ ಒಂದು ದಿನದವರೆಗೂ ಬದುಕಬಲ್ಲದು.

ಇದರ ವಿಷ ನರಗಳಲ್ಲಿ ಸೋಡಿಯಂ ಒಳಬಿಡುವ ಬಾಗಿಲುಗಳನ್ನು ಮುಚ್ಚಲು ಬಿಡುವುದಿಲ್ಲ. ನರ ಒಂದು ಸಲ ಮಿಡಿದು ಸುಮ್ಮನಾಗುವ ಬದಲು ಮಿಡಿಯುತ್ತಲೇ ಇರುತ್ತದೆ. ಅದಕ್ಕೇ ನಾಲಿಗೆ ಅದುರುವುದು, ಕಣ್ಣೀರು, ಜೊಲ್ಲು, ಬೆವರು, ರೋಮ ನಿಮಿರುವುದು, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುವುದು. ನಾಯಿ ಬೆಕ್ಕುಗಳು ಈ ವಿಷವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ, ಮಂಗ ಮತ್ತು ಮನುಷ್ಯ ತಾಳಲಾರರು. ಹಾಗಾಗಿ ಸಾಕುನಾಯಿಗೆ ಕಚ್ಚಿಯೂ ಏನೂ ಆಗಲಿಲ್ಲ ಎಂಬುದು ನಿಮಗೆ ಧೈರ್ಯ ಕೊಡುವ ಸಂಗತಿಯಲ್ಲ.

ಕೈಗೋ ಕಾಲಿಗೋ ಕಚ್ಚಿದ್ದರೆ ಒತ್ತುಪಟ್ಟಿ ಸುತ್ತುವುದೇ ಜೀವ ಉಳಿಸುವ ಕೆಲಸ. ಈ ವಿಷ ಮೈಯಲ್ಲಿ ಹರಡುವುದು ಹೆಚ್ಚಾಗಿ ದುಗ್ಧನಾಳಗಳ ಮೂಲಕ. ಸ್ನಾಯು ಅಲುಗಿದಾಗಲೆಲ್ಲ ಆ ನಾಳಗಳು ಹಿಂಡಿದಂತಾಗಿ ವಿಷ ಮೇಲೇರುತ್ತದೆ. ಒತ್ತಡವೂ ಬೇಕು, ಅಲುಗದಿರುವುದೂ ಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನ ಕಡಿಮೆ.

1. ಕಚ್ಚಿಸಿಕೊಂಡವರನ್ನು ಇದ್ದಲ್ಲೇ ಕೂರಿಸಿ ಅಥವಾ ಮಲಗಿಸಿ. ವಾಹನದವರೆಗೆ ನಡೆಸಬೇಡಿ, ವಾಹನವನ್ನೇ ಹತ್ತಿರ ತನ್ನಿ.

2. 10ರಿಂದ 15 ಸೆಂ.ಮೀ. ಅಗಲದ, ಎಳೆದರೆ ಹಿಗ್ಗುವ ಪಟ್ಟಿ ತೆಗೆದುಕೊಳ್ಳಿ. ಮೊದಲ ಸುತ್ತುಗಳು ಕಚ್ಚಿದ ಜಾಗದ ಮೇಲೆ ಬರಲಿ.

3. ಬಳಿಕ ಬೆರಳುಗಳ ಬುಡದಿಂದ ಶುರುಮಾಡಿ ಮೇಲಕ್ಕೆ ಸುತ್ತುತ್ತ ಹೋಗಿ. ಕೈಯಾದರೆ ಕಂಕುಳವರೆಗೆ, ಕಾಲಾದರೆ ತೊಡೆಸಂದಿಯವರೆಗೆ. ಪ್ರತಿ ಸುತ್ತೂ ಹಿಂದಿನದರ ಅರ್ಧ ಭಾಗ ಮುಚ್ಚಬೇಕು. ಪ್ಯಾಂಟು ತೆಗೆಯಲು ಕಾಲು ಎತ್ತಿ ಇಳಿಸಬೇಡಿ, ಬಟ್ಟೆಯ ಮೇಲೆಯೇ ಸುತ್ತಿ.

4. ಬಿಗಿ ಎಷ್ಟು? ಉಳುಕಿದ ಪಾದಕ್ಕೆ ಕಟ್ಟುವಷ್ಟು. ಬೆರಳ ತುದಿಯ ಉಗುರು ಒತ್ತಿ ಬಿಡಿ. ಬಿಳಿಯಾದದ್ದು ಎರಡು ಮೂರು ಸೆಕೆಂಡಿನಲ್ಲಿ ಕೆಂಪಗಾಗಬೇಕು. ಬೆರಳು ನೀಲಿಯಾದರೆ, ಮರಗಟ್ಟಿದರೆ ಬಿಗಿ ಹೆಚ್ಚಾಗಿದೆ ಎಂದರ್ಥ. ಸ್ವಲ್ಪ ಸಡಿಲಿಸಿ, ಬಿಚ್ಚಬೇಡಿ.

5. ಪಟ್ಟಿಯ ಮೇಲೆ, ಕಚ್ಚಿದ ಜಾಗ ಎಲ್ಲಿದೆಯೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ಕಚ್ಚಿದ ಹೊತ್ತು, ಪಟ್ಟಿ ಸುತ್ತಿದ ಹೊತ್ತು ಎರಡನ್ನೂ ಬರೆಯಿರಿ.

6. ನೇರವಾದ ಕೋಲು, ಮಡಿಸಿದ ಪತ್ರಿಕೆ, ಹಲಗೆ, ಏನು ಸಿಕ್ಕರೂ ದಬ್ಬೆಯಾಗಿಟ್ಟು ಕಟ್ಟಿ, ಕೀಲುಗಳು ಅಲುಗದಂತೆ ನಿಲ್ಲಿಸಿ.

ಇಲ್ಲಿ ಸಾಮಾನ್ಯವಾಗಿ ಎರಡು ತಪ್ಪು ಆಗುತ್ತವೆ. ಕಚ್ಚಿದ ಜಾಗದ ಸುತ್ತ ಮಾತ್ರ ನಾಲ್ಕು ಸುತ್ತು ಹಾಕಿ ಬಿಡುವುದು ಒಂದು. ದಾರಿಯಲ್ಲಿ ‘ಈಗ ಹುಷಾರಾಗಿದ್ದೇನೆ’ ಎಂದಾಗ ಪಟ್ಟಿ ಬಿಚ್ಚಿಬಿಡುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯ. ತಡೆದಿಟ್ಟ ವಿಷವೆಲ್ಲ ಒಟ್ಟಿಗೆ ಹರಿಯಲು ಶುರುವಾಗುತ್ತದೆ. ಪ್ರತಿವಿಷ ಸಿದ್ಧವಾಗಿಟ್ಟುಕೊಂಡ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರಿಗೇ ಪಟ್ಟಿ ಬಿಚ್ಚಬೇಕು. ಬಿಚ್ಚಿದ ಮೇಲೂ ಕನಿಷ್ಠ 4 ಗಂಟೆ ಅಲ್ಲೇ ಇರಿ.

ಈ ಜೇಡದ ಪ್ರತಿವಿಷ 1981ರಲ್ಲಿ ಬಳಕೆಗೆ ಬಂತು. ಅದಕ್ಕೂ ಮೊದಲು ಇದರ ಕಡಿತದಿಂದ 13 ಸಾವುಗಳು ದಾಖಲಾಗಿದ್ದವು. ಆಮೇಲೆ ದೃಢಪಟ್ಟ ಒಂದು ಸಾವೂ ಇಲ್ಲ. ಸರಿಯಾಗಿ ಸುತ್ತಿದ ಪಟ್ಟಿ ಆ ಔಷಧಿಯವರೆಗೆ ತಲುಪಲು ಬೇಕಾದ ಸಮಯ ಗಳಿಸಿಕೊಡುತ್ತದೆ.

ಗಂಟೆಯೊಳಗೆ ಮೇಲೇರುವ ನೋವು: ವಿಡೋ ಜೇಡಗಳು

ಲ್ಯಾಟ್ರೊಡೆಕ್ಟಸ್ ಕುಲದ ಮೂವತ್ತಕ್ಕೂ ಹೆಚ್ಚು ಪ್ರಭೇದಗಳು ಲೋಕದ ಬೆಚ್ಚಗಿನ ಭಾಗಗಳಲ್ಲೆಲ್ಲ ಹರಡಿವೆ. ಅಮೆರಿಕದ ಬ್ಲ್ಯಾಕ್ ವಿಡೋ, ಆಸ್ಟ್ರೇಲಿಯಾದ ರೆಡ್‌ಬ್ಯಾಕ್, ನ್ಯೂಜಿಲೆಂಡಿನ ಕಟಿಪೊ, ಮೆಡಿಟರೇನಿಯನ್ ಸುತ್ತಿನ ಕೆಂಪು ಚುಕ್ಕೆಯ ಕಪ್ಪು ಜೇಡ, ಎಲ್ಲವೂ ಇದೇ ಕುಟುಂಬದವು. ಹೆಣ್ಣಿನ ಮೈ ಒಂದು ಸೆಂ.ಮೀ. ಆಸುಪಾಸು, ಹೊಟ್ಟೆ ಬಟಾಣಿಯಂತೆ ಗುಂಡಗೆ, ನುಣ್ಣಗೆ. ಬ್ಲ್ಯಾಕ್ ವಿಡೋ ಆದರೆ ಹೊಟ್ಟೆಯ ಅಡಿಯಲ್ಲಿ ಡಮರುವಿನ ಆಕಾರದ ಕೆಂಪು ಗುರುತು, ರೆಡ್‌ಬ್ಯಾಕ್ ಆದರೆ ಬೆನ್ನ ಮೇಲೆ ಕೆಂಪು ಪಟ್ಟೆ. ಗಂಡು ತೀರ ಸಣ್ಣದು, ಅದರಿಂದ ಅಪಾಯವಿಲ್ಲ. ಕಂದು ವಿಡೋ ಹಲವು ದೇಶಗಳಲ್ಲಿ ನೆಲೆಯೂರಿದೆ. ಅದರ ಕಡಿತ ಸಾಮಾನ್ಯವಾಗಿ ಹಗುರ. ಅದರ ಮೊಟ್ಟೆಚೀಲದ ಮೈತುಂಬ ಮುಳ್ಳಿನಂಥ ಕುಚ್ಚು ಇರುವುದರಿಂದ ಜೇಡ ಕಾಣದಿದ್ದರೂ ಗುರುತಿಸಬಹುದು.

ಜೇಡಕ್ಕಿಂತ ಬಲೆ ನೋಡಿ ಗುರುತಿಸುವುದು ಸುಲಭ, ಅದು ಸುರಕ್ಷಿತವೂ ಹೌದು. ಚಕ್ರದಂಥ ಅಂದದ ಬಲೆ ಇದರದಲ್ಲ. ನೆಲದ ಹತ್ತಿರ, ಹೂಕುಂಡದ ಅಂಚಿನಡಿ, ಪ್ಲಾಸ್ಟಿಕ್ ಕುರ್ಚಿಯ ಕೆಳಗೆ, ನೀರಿನ ಮೀಟರಿನ ಪೆಟ್ಟಿಗೆಯಲ್ಲಿ, ಹೊರಗಿನ ಶೌಚಾಲಯದ ಆಸನದಡಿ ಅಡ್ಡಾದಿಡ್ಡಿಯಾಗಿ ಸಿಕ್ಕುಗಟ್ಟಿರುತ್ತದೆ. ಒಂದು ಉದ್ದ ಕಡ್ಡಿಯಿಂದ ನಿಧಾನವಾಗಿ ಎಳೆದು ನೋಡಿ. ಉಳಿದ ಜೇಡಗಳ ಬಲೆ ಸದ್ದಿಲ್ಲದೆ ಕಡ್ಡಿಗೆ ಅಂಟಿಕೊಂಡು ಬರುತ್ತದೆ. ಇದರ ಎಳೆಗಳು ಬಲವಾಗಿ ಬಿಗಿದು, ಹರಿಯುವಾಗ ಚಟಚಟ ಎಂದು ಸಣ್ಣಗೆ ಸದ್ದು ಮಾಡುತ್ತವೆ. ಆ ಸದ್ದು ಕೇಳಿದ ಜಾಗಕ್ಕೆ ಬರಿಗೈ ಹಾಕಬೇಡಿ.

ಕಚ್ಚಿದಾಗ ಸೂಜಿ ಚುಚ್ಚಿದಷ್ಟು ನೋವು, ಒಮ್ಮೊಮ್ಮೆ ಅದೂ ಇಲ್ಲ. ಹತ್ತು ನಿಮಿಷದಿಂದ ಒಂದು ಗಂಟೆಯೊಳಗೆ ನೋವು ಏರತೊಡಗುತ್ತದೆ. ಇದರ ನಡೆ ಗಮನಿಸಿ: ಕಾಲಿಗೆ ಕಚ್ಚಿದ್ದರೆ ಮೊಣಕಾಲು, ತೊಡೆಸಂದು, ಹೊಟ್ಟೆ; ಕೈಗೆ ಕಚ್ಚಿದ್ದರೆ ಕಂಕುಳು, ಎದೆ. ಕಚ್ಚಿದ ಜಾಗದಲ್ಲೇ ಅಂಗೈ ಅಗಲ ಬೆವರು ಕೂತು, ಸುತ್ತಲ ಚರ್ಮ ಒಣಗಿರುತ್ತದೆ. ಕೆಲವರಿಗೆ ಎಲ್ಲಿ ಕಚ್ಚಿದರೂ ಎರಡೂ ಮೊಣಕಾಲಿನ ಕೆಳಗೆ ಮಾತ್ರ ಬೆವರುತ್ತದೆ. ಇಂಥ ವಿಚಿತ್ರ ಬೆವರು ಈ ಕಡಿತದ ಮುಖ್ಯ ಗುರುತು, ವೈದ್ಯರಿಗೆ ತಪ್ಪದೆ ಹೇಳಿ. ಹೊಟ್ಟೆ ಗಟ್ಟಿಯಾಗಿ ಅಪೆಂಡಿಸೈಟಿಸ್ ಎಂದು ಭ್ರಮೆ ಹುಟ್ಟಿಸುವುದೂ ಉಂಟು.

ಕಾರಣ ಅದರ ಆಲ್ಫಾ-ಲ್ಯಾಟ್ರೊಟಾಕ್ಸಿನ್. ಈ ಪ್ರೋಟೀನು ನರದ ತುದಿಯಲ್ಲಿ ರಂಧ್ರ ಕೊರೆದು, ಅಲ್ಲಿ ಕೂಡಿಟ್ಟ ಸಂದೇಶವಾಹಕ ರಾಸಾಯನಿಕಗಳನ್ನೆಲ್ಲ ಒಮ್ಮೆಲೇ ಹೊರಚೆಲ್ಲಿಸುತ್ತದೆ. ಸ್ನಾಯು ಸೆಟೆಯುತ್ತದೆ, ರಕ್ತದೊತ್ತಡ ಏರುತ್ತದೆ. ನರ ಸತ್ತುಹೋಗುವುದಿಲ್ಲ, ಖಾಲಿಯಾದ ತುದಿ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೇ ಸಹಿಸಲಾಗದ ನೋವಿದ್ದರೂ ಬಹುತೇಕ ಎಲ್ಲರೂ ಒಂದರಿಂದ ಮೂರು ದಿನಗಳಲ್ಲಿ, ಹೆಚ್ಚೆಂದರೆ ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಸಾವು ತೀರ ಅಪರೂಪ.

ಇಲ್ಲಿ ಒತ್ತುಪಟ್ಟಿ ಸುತ್ತಬೇಡಿ. ಈ ವಿಷ ನಿಧಾನವಾಗಿ ಚಲಿಸುವಂಥದ್ದು, ಪಟ್ಟಿಯ ಬಿಗಿ ನೋವನ್ನು ಹೆಚ್ಚಿಸುತ್ತದೆ ಅಷ್ಟೇ. ಮಂಜುಗಡ್ಡೆ ಇಟ್ಟುಕೊಂಡು ಆಸ್ಪತ್ರೆಗೆ ಹೋಗಿ. ಅಲ್ಲಿ ಬಲವಾದ ನೋವುನಿವಾರಕ, ಸ್ನಾಯು ಸಡಿಲಿಸುವ ಔಷಧಿ ಕೊಡುತ್ತಾರೆ. ‘ಪ್ರತಿವಿಷ ಯಾಕೆ ಕೊಡಲಿಲ್ಲ’ ಎಂದು ಅನುಮಾನಪಡಬೇಕಿಲ್ಲ. ರೆಡ್‌ಬ್ಯಾಕ್ ಪ್ರತಿವಿಷ 1956ರಿಂದಲೂ ಇದೆ. ಆದರೆ 224 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನೋವುನಿವಾರಕದ ಜೊತೆ ಪ್ರತಿವಿಷ ಸೇರಿಸಿದವರಿಗೂ ಸೇರಿಸದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪ್ರತಿವಿಷಕ್ಕೆ ಅಲರ್ಜಿಯ ಅಪಾಯವೂ ಇರುವುದರಿಂದ ಕೊಡುವ ಮೊದಲು ವೈದ್ಯರು ತೂಗಿ ನೋಡುತ್ತಾರೆ.

ಮಾರನೇ ದಿನ ಕಾಣುವ ಗಾಯ: ರೆಕ್ಲೂಸ್ ಜೇಡಗಳು

ಹೆಚ್ಚು ತಪ್ಪುಗಳು ನಡೆಯುವುದು ಇದರ ವಿಷಯದಲ್ಲಿ. ಲಾಕ್ಸೊಸೆಲಿಸ್ ಕುಲದ ಈ ಕಂದು ಜೇಡಗಳು ಅಮೆರಿಕದ ಮಧ್ಯ ಮತ್ತು ದಕ್ಷಿಣ ರಾಜ್ಯಗಳಲ್ಲಿ, ದಕ್ಷಿಣ ಅಮೆರಿಕದಲ್ಲಿ, ಮೆಡಿಟರೇನಿಯನ್ ಸುತ್ತಮುತ್ತ, ಆಫ್ರಿಕಾದಲ್ಲಿ ಇವೆ. ಬೆನ್ನ ಮೇಲಿನ ಪಿಟೀಲಿನ ಆಕಾರ ನೋಡಿ ಗುರುತಿಸಿ ಎನ್ನುತ್ತಾರೆ. ಅದನ್ನು ನಂಬಬೇಡಿ, ಬೇರೆ ಜೇಡಗಳಲ್ಲೂ ಅಂಥ ಕಲೆ ಇರುತ್ತದೆ, ಕೆಲವು ರೆಕ್ಲೂಸ್‌ಗಳಲ್ಲಿ ಅದು ಮಸುಕಾಗಿರುತ್ತದೆ. ಕಣ್ಣು ಎಣಿಸಿ. ಸತ್ತ ಜೇಡವನ್ನೋ ಡಬ್ಬಿಯೊಳಗಿನದನ್ನೋ ಭೂತಗನ್ನಡಿಯಲ್ಲಿ, ಬೆಳಕಿನ ಕೆಳಗೆ ಮುಖದ ಕಡೆಯಿಂದ ನೋಡಿ. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು. ಇದಕ್ಕೆ ಆರು, ಅವೂ ಜೋಡಿ ಜೋಡಿಯಾಗಿ: ಮುಂದೆ ನಡುವೆ ಒಂದು ಜೋಡಿ, ಎಡಕ್ಕೊಂದು, ಬಲಕ್ಕೊಂದು. ಹೊಟ್ಟೆ ಒಂದೇ ಬಣ್ಣ, ಪಟ್ಟೆ ಚುಕ್ಕೆ ಇಲ್ಲ. ಕಾಲುಗಳ ಮೇಲೆ ಎದ್ದು ಕಾಣುವ ಮುಳ್ಳಿಲ್ಲ. ಕಾಲಿನ ಮೇಲೆ ದಪ್ಪ ಮುಳ್ಳೋ ಪಟ್ಟೆಯೋ ಕಂಡರೆ ಅದು ರೆಕ್ಲೂಸ್ ಅಲ್ಲ.

ಕಚ್ಚಿದ್ದು ಹೆಚ್ಚಾಗಿ ತಿಳಿಯುವುದೇ ಇಲ್ಲ. ಎರಡರಿಂದ ಎಂಟು ಗಂಟೆಗಳ ಮೇಲೆ ಉರಿ, ನೋವು. ಒಂದೆರಡು ದಿನದಲ್ಲಿ ಗಾಯ ಮೂರು ಬಣ್ಣ ತಾಳುತ್ತದೆ: ನಡುವೆ ನೀಲಿಗಪ್ಪು, ಅದರ ಸುತ್ತ ರಕ್ತವಿಲ್ಲದ ಬಿಳಿ ಉಂಗುರ, ಹೊರಗೆ ಕೆಂಪು. ನಡುಭಾಗ ಉಬ್ಬುವ ಬದಲು ತಗ್ಗುತ್ತದೆ. ವಿಷದಲ್ಲಿರುವ ಸ್ಫಿಂಗೊಮೈಲಿನೇಸ್ ಡಿ ಎಂಬ ಕಿಣ್ವ ಜೀವಕೋಶಗಳ ಪೊರೆ ಒಡೆಯುತ್ತದೆ, ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ, ಆ ಭಾಗದ ಚರ್ಮ ಸತ್ತು ಕಪ್ಪು ಹಕ್ಕಳೆಯಾಗುತ್ತದೆ. ಆದರೂ ರೆಕ್ಲೂಸ್ ಕಡಿತಗಳಲ್ಲಿ ಬಹುಪಾಲು ಈ ಮಟ್ಟಕ್ಕೆ ಹೋಗದೆ ತಾವಾಗಿಯೇ ಮಾಯುತ್ತವೆ.

2001ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ಮನೆಯಲ್ಲಿ ಆರು ತಿಂಗಳಲ್ಲಿ 2,055 ಬ್ರೌನ್ ರೆಕ್ಲೂಸ್ ಜೇಡಗಳನ್ನು ಹಿಡಿದು ಎಣಿಸಿದರು. ನಾಲ್ಕು ಜನರ ಆ ಕುಟುಂಬ ವರ್ಷಗಟ್ಟಲೆ ಅಲ್ಲೇ ವಾಸವಾಗಿತ್ತು. ಒಬ್ಬರಿಗೂ ಕಡಿತದ ಗಾಯ ಇರಲಿಲ್ಲ. ಈ ಒಂದು ಲೆಕ್ಕ ನೆನಪಿದ್ದರೆ, ರೆಕ್ಲೂಸ್ ಇಲ್ಲವೇ ಇಲ್ಲದ ಊರುಗಳಲ್ಲಿ ಸಾಲುಸಾಲಾಗಿ ‘ರೆಕ್ಲೂಸ್ ಕಡಿತ’ ಎಂದು ಬರೆದ ಚೀಟಿಗಳನ್ನು ಯಾಕೆ ಅನುಮಾನಿಸಬೇಕೆಂದು ಅರ್ಥವಾಗುತ್ತದೆ. ಆ ಗಾಯಗಳಲ್ಲಿ ಹಲವು ಸ್ಟ್ಯಾಫ್ ಬ್ಯಾಕ್ಟೀರಿಯಾದ ಕುರುಗಳು. ಕೆಲವು ಸರ್ಪಸುತ್ತು, ಕೆಲವು ಮಧುಮೇಹದ ಹುಣ್ಣು. ಜೇಡವೆಂದುಕೊಂಡು ಆಂಟಿಬಯಾಟಿಕ್ ಬೇಕಾದ ಕುರುವನ್ನು ವಾರಗಟ್ಟಲೆ ಬಿಟ್ಟರೆ ಸೋಂಕು ರಕ್ತಕ್ಕೆ ಇಳಿಯುತ್ತದೆ. ನಮ್ಮ ಮಟ್ಟಿಗೆ, ಜೇಡದ ವಿಷಕ್ಕಿಂತ ಈ ತಪ್ಪು ಹೆಸರು ಹೆಚ್ಚು ಜನರಿಗೆ ಹಾನಿ ಮಾಡುತ್ತದೆ.

ಹಾಗಾದರೆ ಗಾಯ ನೋಡಿ ಹೇಳುವುದು ಹೇಗೆ? ಕೀವು ಇದ್ದರೆ ರೆಕ್ಲೂಸ್ ಅಲ್ಲ. ನಡುಭಾಗ ಕೆಂಪಾಗಿ ಎತ್ತರಕ್ಕೆ ಉಬ್ಬಿದ್ದರೆ ಅಲ್ಲ. ಮೊದಲ ವಾರದೊಳಗೇ ಬಾಯಿಬಿಟ್ಟ ಹುಣ್ಣಾದರೆ ಅಲ್ಲ. 10 ಸೆಂ.ಮೀ.ಗಿಂತ ದೊಡ್ಡದಾದರೆ, ಮೂರು ತಿಂಗಳಾದರೂ ಮಾಯದಿದ್ದರೆ ಬೇರೆ ಕಾರಣ ಹುಡುಕಬೇಕು. ಒಂದಕ್ಕಿಂತ ಹೆಚ್ಚು ಗಾಯಗಳಿದ್ದರೂ ಅಷ್ಟೇ. ಆಸ್ಟ್ರೇಲಿಯಾದ ಬಿಳಿಬಾಲದ ಜೇಡಕ್ಕೂ ಚರ್ಮ ಕೊಳೆಸುತ್ತದೆಂಬ ಕೆಟ್ಟ ಹೆಸರಿತ್ತು. 2003ರಲ್ಲಿ ಪ್ರಕಟವಾದ ಅಧ್ಯಯನ ದೃಢಪಟ್ಟ 130 ಕಡಿತಗಳನ್ನು ಹಿಂಬಾಲಿಸಿತು. ಒಂದರಲ್ಲೂ ಕೊಳೆತ ಹುಣ್ಣು ಸಿಗಲಿಲ್ಲ.

ನಿಜವಾಗಿಯೂ ರೆಕ್ಲೂಸ್ ಕಚ್ಚಿದ್ದರೆ ಗಾಯ ತೊಳೆದು, ತಂಪಾಗಿಟ್ಟು, ಎತ್ತರಿಸಿ, ಸ್ವಚ್ಛವಾದ ಬಟ್ಟೆ ಹಾಕಿ ಕಾಯುವುದೇ ಚಿಕಿತ್ಸೆಯ ಮುಖ್ಯ ಭಾಗ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಿ. ಸತ್ತ ಚರ್ಮವನ್ನು ಬೇಗ ಕತ್ತರಿಸಿ ತೆಗೆಯಿರೆಂದು ಅವಸರಪಡಿಸಬೇಡಿ. ಅಂಚು ಎಲ್ಲಿ ನಿಲ್ಲುತ್ತದೆಂದು ಗೊತ್ತಾಗುವ ಮೊದಲೇ ಕತ್ತಿ ಹಾಕಿದರೆ ಗಾಯ ಇನ್ನೂ ದೊಡ್ಡದಾಗುತ್ತದೆ, ಕಾಯಬೇಕಾದದ್ದು ವಾರಗಳನ್ನು. ಮೊದಲ ಮೂರು ದಿನ ಮಾತ್ರ ಒಂದು ಕಣ್ಣು ಮೂತ್ರದ ಮೇಲಿರಲಿ, ಮಕ್ಕಳಾದರೆ ಇನ್ನೂ ಜಾಗ್ರತೆಯಿಂದ. ಅಪರೂಪಕ್ಕೆ ಈ ವಿಷ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಜ್ವರ, ಮೈತುಂಬ ದದ್ದು, ಕಣ್ಣು ಹಳದಿ, ಮೂತ್ರ ಕಪ್ಪು ಎಂದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿದೆ ಎಂದರ್ಥ. ಚರ್ಮದ ಗಾಯ ಚಿಕ್ಕದಿದೆಯಲ್ಲ ಎಂದು ಸುಮ್ಮನಿರಬೇಡಿ, ಎರಡಕ್ಕೂ ಸಂಬಂಧವಿಲ್ಲ.

ಉಳಿದವು

ಫೋನ್ಯೂಟ್ರಿಯಾ, ದಕ್ಷಿಣ ಅಮೆರಿಕದ ಅಲೆಮಾರಿ ಜೇಡ, ಬಲೆ ಕಟ್ಟುವುದಿಲ್ಲ. ರಾತ್ರಿ ನೆಲದ ಮೇಲೆ ಬೇಟೆಯಾಡಿ ಹಗಲು ಬೂಟು, ಬಾಳೆಗೊನೆ, ಸಾಮಾನಿನ ಸಂದಿಯಲ್ಲಿ ಅಡಗುತ್ತದೆ. ಕಚ್ಚಿದ ಕ್ಷಣದಲ್ಲೇ ತೀವ್ರ ನೋವು. ಹೆಚ್ಚಿನವರಿಗೆ ಅಷ್ಟೇ, ಗಂಡುಮಕ್ಕಳಲ್ಲಿ ಜನನಾಂಗ ಇಳಿಯದೆ ನಿಮಿರಿ ನಿಲ್ಲುವುದು, ವಾಂತಿ, ಬೆವರು ಕಂಡರೆ ವಿಷ ಮೈಗೇರಿದೆ. ಬ್ರೆಜಿಲ್‌ನಲ್ಲಿ ಇದಕ್ಕೆ ಪ್ರತಿವಿಷ ತಯಾರಾಗುತ್ತದೆ. ದೂರದ ದೇಶಗಳಿಗೆ ಬಾಳೆಗೊನೆಯೊಡನೆ ಬರುವ ಜೇಡಗಳಲ್ಲಿ ಬಹುಪಾಲು ಇದನ್ನೇ ಹೋಲುವ ನಿರಪಾಯಕಾರಿ ಜಾತಿಗಳು.

ಟರಾಂಟುಲಾಗಳಲ್ಲಿ ಎರಡು ಬಗೆಯ ತೊಂದರೆ. ಅಮೆರಿಕ ಖಂಡಗಳ ಟರಾಂಟುಲಾ ಹಿಂಗಾಲಿನಿಂದ ಹೊಟ್ಟೆಯ ಮೇಲಿನ ರೋಮ ಉಜ್ಜಿ ಗಾಳಿಗೆ ಹಾರಿಸುತ್ತದೆ. ಚರ್ಮಕ್ಕೆ ತಗಲಿದರೆ ಅಂಟುಟೇಪು ಒತ್ತಿ ಒತ್ತಿ ತೆಗೆಯಬಹುದು. ಕಣ್ಣಿಗೆ ಬಿದ್ದರೆ ಉಜ್ಜಲೇಬೇಡಿ. ಆ ರೋಮಗಳಿಗೆ ಕೊಕ್ಕೆಗಳಿವೆ; ಉಜ್ಜಿದಷ್ಟೂ ಕಣ್ಣೊಳಗೆ ಇಳಿಯುತ್ತವೆ. ನೀರಿನಲ್ಲಿ ತೊಳೆದು ಅಂದೇ ಕಣ್ಣಿನ ವೈದ್ಯರ ಬಳಿಗೆ ಹೋಗಿ. ಭಾರತ, ಶ್ರೀಲಂಕಾಗಳ ಮರವಾಸಿ ಟರಾಂಟುಲಾ ಪೀಸಿಲೊಥೀರಿಯಾಗೆ ಆ ರೋಮವಿಲ್ಲ, ಕಡಿತ ಮಾತ್ರ ಬಿರುಸು. ಕಚ್ಚಿದ ಹಲವು ಗಂಟೆಗಳ ಮೇಲೆ ಮೈಯೆಲ್ಲ ಸ್ನಾಯು ಸೆಳೆತ ಶುರುವಾಗಬಹುದು, ದಿನಗಳ ನಂತರ ಮರುಕಳಿಸಲೂಬಹುದು. ಇಂಥ ಜೇಡ ಸಾಕುವವರು ಕೈಯಲ್ಲಿ ಹಿಡಿಯದಿರುವುದೇ ಒಳ್ಳೆಯದು.

ಮನೆಯಲ್ಲಿ ಮಾಡಬೇಕಾದ್ದು

ಕೀಟನಾಶಕ ಸಿಂಪಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಆದರೆ ಫಲ ಕಡಿಮೆ. ಜಿರಲೆ ಸಿಂಪಡಿಸಿದ ನೆಲಕ್ಕೆ ಮೈಯೊರೆಸಿ ನಡೆದು, ಕಾಲು ನೆಕ್ಕಿಕೊಂಡು ಸಾಯುತ್ತದೆ. ಜೇಡ ಕಾಲ ತುದಿಯಲ್ಲಿ, ಹೊಟ್ಟೆ ಎತ್ತಿ ನಡೆಯುತ್ತದೆ. ಔಷಧಿ ಅದಕ್ಕೆ ಸಾಕಷ್ಟು ತಗಲುವುದೇ ಇಲ್ಲ. ಅದರ ಬದಲು ಅಂಟುಹಲಗೆಗಳನ್ನು ಗೋಡೆಗೆ ತಾಗಿಸಿ, ಮಂಚದಡಿ, ಕಪಾಟಿನ ಹಿಂದೆ ಇಡಿ. ಜೇಡ ಗೋಡೆಯ ಬುಡ ಹಿಡಿದೇ ನಡೆಯುವುದರಿಂದ ಕೋಣೆಯ ನಡುವೆ ಇಟ್ಟ ಹಲಗೆ ಖಾಲಿಯೇ ಉಳಿಯುತ್ತದೆ. ಯಾವ ಹಲಗೆಗೆ ಹೆಚ್ಚು ಸಿಕ್ಕಿತೋ ಅದರ ಹತ್ತಿರವೇ ಒಳಬರುವ ಬಿರುಕಿದೆ, ಅದನ್ನು ಮುಚ್ಚಿ. ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ ಹಾಕಿ.

ಮಂಚ ಗೋಡೆಯಿಂದ ಒಂದು ಗೇಣು ದೂರವಿರಲಿ, ಹೊದಿಕೆ ನೆಲ ಮುಟ್ಟದಿರಲಿ. ನೆಲದ ಮೇಲೆ ಬಿದ್ದಿದ್ದ ಬಟ್ಟೆಯನ್ನು ಕೊಡವಿ ತೊಡಿ. ಬೂಟು ಹಾಕುವ ಮುಂಚೆ ತಲೆಕೆಳಗು ಮಾಡಿ ನೆಲಕ್ಕೆ ಬಡಿಯಿರಿ, ಒಳಗೆ ಬೆರಳು ಹಾಕಿ ಪರೀಕ್ಷಿಸಬೇಡಿ. ರಟ್ಟಿನ ಪೆಟ್ಟಿಗೆಯ ಮಡಿಕೆಗಳು ರೆಕ್ಲೂಸ್‌ಗೆ ಹೇಳಿಮಾಡಿಸಿದ ಮನೆ, ಆದ್ದರಿಂದ ಸಾಮಾನನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸಿ. ಸೌದೆ, ಇಟ್ಟಿಗೆ, ಹೆಂಚಿನ ರಾಶಿ ಗೋಡೆಗೆ ಒರಗಿಸಿ ಇಡಬೇಡಿ. ಅವನ್ನು ಎತ್ತುವಾಗ ದಪ್ಪ ಕೈಗವಸು, ಉದ್ದ ತೋಳಿನ ಅಂಗಿ ಇರಲಿ. ತೋಟದ ಕೈಗವಸನ್ನು ಹೊರಗೆ ನೇತುಹಾಕಿದ್ದರೆ ಅದನ್ನೂ ಕೊಡವಬೇಕು; ಕಾಪಾಡಲೆಂದು ಹಾಕಿಕೊಂಡ ಕೈಗವಸಿನೊಳಗೇ ಕಡಿತ ಆಗುವುದುಂಟು. ಬಲೆ ಮತ್ತು ಮೊಟ್ಟೆಚೀಲಗಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಹೀರಿ, ಚೀಲವನ್ನು ಕಟ್ಟಿ ಆಗಲೇ ಹೊರಗೆ ಹಾಕಿ.

ಜೇಡವನ್ನು ವೈದ್ಯರಿಗೆ ತೋರಿಸುವುದು

ಹಿಡಿಯಲು ಹೋಗಿ ಎರಡನೇ ಸಲ ಕಚ್ಚಿಸಿಕೊಳ್ಳಬೇಡಿ. ಕಚ್ಚಿಸಿಕೊಂಡವರು ಹಿಡಿಯುವುದೇ ಬೇಡ, ಬೇರೆಯವರು ಹಿಡಿಯಲಿ. ಜೇಡ ಸಮತಟ್ಟಾದ ಜಾಗದಲ್ಲಿ ಸುಮ್ಮನಿದ್ದರೆ ಅಗಲ ಬಾಯಿಯ ಗಾಜಿನ ಜಾಡಿ ಮೇಲಿಂದ ಮುಚ್ಚಿ, ಕೆಳಗೆ ಗಟ್ಟಿ ಕಾಗದ ಸರಿಸಿ, ಹಾಗೆಯೇ ತಿರುಗಿಸಿ ಮುಚ್ಚಳ ಬಿಗಿಯಿರಿ. ಮುಂಗಾಲೆತ್ತಿ ನಿಂತ ಜೇಡದ ಹತ್ತಿರ ಹೋಗಬೇಡಿ, ದೂರದಿಂದ ಫೋಟೊ ಸಾಕು. ಮೇಲಿನಿಂದ ಒಂದು, ಮುಖದ ಕಡೆಯಿಂದ ಒಂದು, ಗಾಜಿನ ಮೂಲಕ ಹೊಟ್ಟೆಯ ಅಡಿಯದು ಒಂದು. ಗಾತ್ರ ತಿಳಿಯಲು ಪಕ್ಕದಲ್ಲಿ ನಾಣ್ಯವಿರಲಿ. ಚಪ್ಪಲಿಯಲ್ಲಿ ಹೊಡೆದು ಅಪ್ಪಚ್ಚಿ ಮಾಡಿದ್ದರೂ ಉಳಿದ ತುಂಡುಗಳನ್ನು ಸ್ಪಿರಿಟ್ ಇರುವ ಪುಟ್ಟ ಶೀಶೆಗೆ ಹಾಕಿ ಒಯ್ಯಿರಿ. ಕಣ್ಣುಗಳಿರುವ ತಲೆಭಾಗ ಉಳಿದಿದ್ದರೆ ಬಲ್ಲವರು ಗುರುತು ಹಿಡಿಯುತ್ತಾರೆ.

ಆಸ್ಪತ್ರೆಯಿಂದ ಬಂದ ಮೇಲೆ

ಪ್ರತಿವಿಷ ತೆಗೆದುಕೊಂಡಿದ್ದರೆ ಆ ದಿನಾಂಕವನ್ನೂ ಟಿಪ್ಪಣಿಗೆ ಸೇರಿಸಿ. ಪ್ರತಿವಿಷ ಕುದುರೆಯ ಅಥವಾ ಮೊಲದ ರಕ್ತದಿಂದ ತಯಾರಾದ ಪ್ರೋಟೀನು. ಕೆಲವರ ಮೈ ಅದರ ವಿರುದ್ಧ ತಡವಾಗಿ ತಿರುಗಿಬೀಳುತ್ತದೆ. 5ರಿಂದ 14ನೇ ದಿನದ ನಡುವೆ ಜ್ವರ, ಕೀಲುನೋವು, ತುರಿಸುವ ದದ್ದು, ಗಂಟಲ ಬದಿಯ ಗಂಟುಗಳು ಕಂಡರೆ ಫ್ಲೂ ಎಂದುಕೊಂಡು ಮಲಗಬೇಡಿ. ಮತ್ತೆ ವೈದ್ಯರ ಬಳಿ ಹೋಗಿ ‘ಇಂಥ ದಿನ ಪ್ರತಿವಿಷ ಕೊಟ್ಟಿದ್ದಾರೆ’ ಎಂದು ಮೊದಲೇ ಹೇಳಿ; ಸ್ಟಿರಾಯ್ಡ್ ಮಾತ್ರೆಯ ಕೆಲವು ದಿನಗಳ ಚಿಕಿತ್ಸೆಯಲ್ಲಿ ಇದು ತಹಬಂದಿಗೆ ಬರುತ್ತದೆ. ಪ್ರತಿವಿಷ ಬೇಕಾಗದೆ ಬರಿಯ ಗಾಯದೊಂದಿಗೆ ಮನೆಗೆ ಬಂದವರು ಪೆನ್ನಿನ ಗೆರೆಯನ್ನು ದಿನಕ್ಕೆರಡು ಸಲ ನೋಡುತ್ತಿರಿ. ಮೂರನೇ ದಿನದ ಮೇಲೆ ಕೆಂಪು ಹೊಸದಾಗಿ ಗೆರೆ ದಾಟಿದರೆ, ಮುಟ್ಟಿದರೆ ಬಿಸಿ ಎನಿಸಿದರೆ, ಕೀವು ಕಂಡರೆ ಅದು ವಿಷವಲ್ಲ, ಸೋಂಕು. ಅದಕ್ಕೆ ಆಂಟಿಬಯಾಟಿಕ್ ಬೇಕು, ಅಂದೇ ಬೇಕು.